ಎರಡಾಣೆಯ ನಂಟು

ನಾಡಿನಿಂದ ದೂರವಿದ್ದು ನಾಡಹಬ್ಬವನ್ನು ಆಚರಿಸುವ ನಾವು ಈ ದಿನ ಅರಸರನ್ನೂ ಕವಿಗಳನ್ನೂ ಸ್ಮರಿಸುವುದು ವಾಡಿಕೆ. ಅದು ಉಚಿತವೇ ಸರಿ. ಆದರೆ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿರುವ ನನಗೆ ರಾಜ್ಯೋತ್ಸವ ಬಂದಾಗಲೆಲ್ಲ ಒಂದು ಸಣ್ಣ ಪೇಟೆಯ ನೆನಪಾಗುತ್ತದೆ. ಅದು ಉಡುಪಿ. ಅಲ್ಲಿಯ ಜನ ಒಬ್ಬರೊಡನೊಬ್ಬರು ಕಲೆತು ಸಂಸ್ಥೆಗಳನ್ನು ಕಟ್ಟಿದ ಬಗೆಯಲ್ಲಿ ನಮಗೊಂದು ಪಾಠವಿದೆ.

ಆಗ ಉಡುಪಿಯು ಮದ್ರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಊರಿಗೆ ರೈಲಿಲ್ಲ, ಬ್ಯಾಂಕಿಲ್ಲ. ಸಾಲ ಬೇಕಾದವನು ಲೇವಾದೇವಿಗಾರನ ಬಾಗಿಲಿಗೆ ಹೋಗಿ, ಅವನು ಹೇಳಿದ ಬಡ್ಡಿಗೆ ಒಪ್ಪಬೇಕಾಗಿತ್ತು. ಸ್ವದೇಶಿಯ ಕರೆ ದೇಶದಲ್ಲೆಲ್ಲ ಮೊಳಗುತ್ತಿದ್ದ ಆ ಕಾಲದಲ್ಲಿ, 1906ರ ಮಾರ್ಚ್ 12ರಂದು, ಹಾಜಿ ಅಬ್ದುಲ್ಲಾ ಸಾಹೇಬರು ಊರ ಗಣ್ಯರನ್ನು ಕೂಡಿಕೊಂಡು ಒಂದು ಬ್ಯಾಂಕನ್ನು ಸ್ಥಾಪಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಮೊದಲ ದಿನ ಕೂಡಿಬಂದ ಹಣ 38 ರೂಪಾಯಿ 13 ಆಣೆ 2 ಪೈ! ಕೃಷ್ಣಮಠದ ಊರಿನಲ್ಲಿ ಮುಸಲ್ಮಾನ ಸದ್ಗೃಹಸ್ಥರೊಬ್ಬರು ಮುಂದಾಳಾಗಿ, ಜಾತಿಮತಗಳ ಭೇದವಿಲ್ಲದೆ ಎಲ್ಲರೂ ಸೇರಬೇಕೆಂದು ಕೇಳಿಕೊಂಡರು. ಜನ ಸೇರಿದರು. ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದುದು ಇದೇ.

1925ರಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಕೈಮಗ್ಗದ ಕಸುಬು ಕುಸಿದು ನೇಕಾರರು ಕಂಗೆಟ್ಟಿದ್ದರು. ವ್ಯಾಪಾರಿ ಉಪೇಂದ್ರ ಅನಂತ ಪೈ, ಇಂಜಿನಿಯರ್ ವಾಮನ ಕುಡ್ವ, ವೈದ್ಯ ಡಾ. ಟಿ. ಎಂ. ಎ. ಪೈ, ಈ ಮೂವರು ಸೇರಿ 8,000 ರೂಪಾಯಿ ಬಂಡವಾಳದಿಂದ ಆರಂಭಿಸಿದ ಸಂಸ್ಥೆಯೇ ಮುಂದಿನ ಸಿಂಡಿಕೇಟ್ ಬ್ಯಾಂಕ್. ಮೂವರ ವೃತ್ತಿಗಳು ಬೇರೆ ಬೇರೆ, ಊರಿನ ಚಿಂತೆ ಮಾತ್ರ ಒಂದೇ.

1928ರಲ್ಲಿ ಅವರು ‘ಪಿಗ್ಮಿ’ ಠೇವಣಿಯನ್ನು ಜಾರಿಗೆ ತಂದರು. ದಿನಕ್ಕೆ ಎರಡಾಣೆ ಉಳಿಸಬಲ್ಲವನೂ ಖಾತೆದಾರನಾಗಬಹುದು. ಹಣ ಕಟ್ಟಲು ಅವನು ಬ್ಯಾಂಕಿಗೆ ಹೋಗಬೇಕಾಗಿಲ್ಲ, ಬ್ಯಾಂಕೇ ಅವನ ಮನೆಗೆ ಬರುತ್ತದೆ. ಈ ಏರ್ಪಾಡಿನ ಬೆಲೆ ಹಣದಲ್ಲಿ ಮಾತ್ರ ಇಲ್ಲವೆಂಬುದು ನನ್ನ ಅನುಭವ. ಸಂಜೆ ನಮ್ಮ ಶಾಖೆಗೆ ಲೆಕ್ಕ ಒಪ್ಪಿಸಲು ಬರುವ ಪಿಗ್ಮಿ ಏಜೆಂಟರಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳ ಮದುವೆ, ಯಾರ ಅಂಗಡಿಗೆ ವ್ಯಾಪಾರವಿಲ್ಲ ಎಂಬುದೆಲ್ಲ ಗೊತ್ತು. ದಿನವೂ ಬಾಗಿಲಿಗೆ ಹೋಗುವವನಿಗೆ ತಿಳಿಯದ ಸುದ್ದಿ ಯಾವುದು?

ಈಗ ಆ ಎರಡು ಹೆಸರುಗಳೂ ಉಳಿದಿಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಫಲಕಗಳು ಇಳಿದುವು. ಆದರೆ ಬಾಗಿಲಿಗೆ ಹೋಗಿ ವಿಚಾರಿಸುವ ಆ ಪದ್ಧತಿಯನ್ನು ಯಾರೂ ಉಳಿಸಿಕೊಳ್ಳಬಹುದು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ತೀರಿಕೊಂಡರು. ನನ್ನ ಮನೆಯಿಂದ ಅವರ ಮನೆಗೆ ಎರಡೇ ಬೀದಿ. ಅವರ ಹೆಸರಿಗೆ ಕಳುಹಿಸಿದ ಆಮಂತ್ರಣ ಹಿಂತಿರುಗಿ ಬಂದಾಗಲೇ ನಮಗೆ ಸುದ್ದಿ ತಿಳಿದುದು. ಅವರ ವರ್ಗಣಿಯನ್ನು ಪ್ರತಿವರ್ಷ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವನು ನಾನೇ. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿರಲಿಲ್ಲ. ಮನುಷ್ಯನನ್ನು ಮಾತ್ರ ಮರೆತಿದ್ದೆ.

ನಾವು ಸಭಾಂಗಣದ ಬಾಗಿಲು ತೆರೆದು ಜನ ಬರಲೆಂದು ಕಾಯುತ್ತೇವೆ. ನಗರದ ಎರಡು ಕನ್ನಡ ಸಂಘಗಳು ಒಂದೇ ಭಾನುವಾರ ಕಾರ್ಯಕ್ರಮವಿಟ್ಟುಕೊಂಡು, ಎರಡೂ ಕಡೆ ಕುರ್ಚಿಗಳು ಖಾಲಿ ಎಂದು ಕೊರಗುತ್ತವೆ. ಬೀದಿಗೊಬ್ಬ ಸದಸ್ಯರು ತಿಂಗಳಿಗೊಮ್ಮೆ ಕನ್ನಡದ ಮನೆಗಳಿಗೆ ಹೋಗಿ ಕ್ಷೇಮ ವಿಚಾರಿಸಬಾರದೇ? ಸಂಘಗಳ ಕಾರ್ಯದರ್ಶಿಗಳು ವರ್ಷಾರಂಭದಲ್ಲಿ ಒಟ್ಟಿಗೆ ಕುಳಿತು ದಿನಾಂಕಗಳನ್ನು ಗೊತ್ತುಮಾಡಿಕೊಳ್ಳಬಾರದೇ? ಇದಕ್ಕೆ ಎರಡಾಣೆಯ ಖರ್ಚೂ ಇಲ್ಲ.

ನನ್ನ ಬೀದಿಯ ಮನೆಗಳ ಪಟ್ಟಿಯನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಮುಂದಿನ ಭಾನುವಾರ ಹೊರಡುತ್ತೇನೆ. ಜೊತೆಗೆ ಬರುವವರಿಗೆ ಸ್ವಾಗತ.