ಗೋವೈದ್ಯದಿಂದ ವಾಟ್ಸಾಪ್ ವೈದ್ಯದವರೆಗೆ

ಸವದತ್ತಿ ಸೀಮೆಯ ಸಿರಸಂಗಿ ಎಂದರೆ ಮೊದಲು ನೆನಪಾಗುವುದು ಕಾಳಿಕಾದೇವಿಯ ಗುಡಿ. ಆಮೇಲೆ, ತನ್ನ ಆಸ್ತಿಯನ್ನು ವಿದ್ಯೆಗೆಂದು ಬಿಟ್ಟುಹೋದ ತ್ಯಾಗವೀರ ಲಿಂಗರಾಜ ದೇಸಾಯಿ. ಈ ಊರನ್ನು ಋಷ್ಯಶೃಂಗನ ಹೆಸರಿಗೂ ಜೋಡಿಸುತ್ತಾರೆ. ಹೆಣ್ಣುಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದ, ತಲೆಯ ಮೇಲೆ ಕೊಂಬಿದ್ದ ಆ ಋಷಿಯ ಕಥೆಯಲ್ಲಿ ಮನುಷ್ಯನಿಗೂ ಪ್ರಾಣಿಗೂ ನಡುವಿನ ಗೆರೆ ತೆಳುವಾಗಿದೆ. ಒಕ್ಕಲುತನದ ಮನೆಗಳಲ್ಲಿ ಅದು ಇಂದಿಗೂ ತೆಳುವೇ. ಎತ್ತು ಮೇವು ಬಿಟ್ಟರೆ ಮನೆಯವರಿಗೆ ರೊಟ್ಟಿ ಇಳಿಯುವುದಿಲ್ಲ.

ಹೀಗೆ ಮೇವು ಬಿಟ್ಟ ಎತ್ತಿಗೆ, ವಾಂತಿ ಮಾಡುವ ನಾಯಿಗೆ ಏನು ಕೊಡಬೇಕೆಂದು ಈಗ ಮೊದಲು ಕೇಳುವುದು ಮೊಬೈಲನ್ನು. ನಿಮಿಷದಲ್ಲಿ ಹತ್ತು ಉತ್ತರ ಬರುತ್ತವೆ. ದನದ ದವಾಖಾನೆಯ ದಾರಿ ಹಿಡಿಯುವುದು ಆ ಹತ್ತೂ ಸೋತ ಮೇಲೆ. ಇದು ಈ ಕಾಲದ ಕೇಡು ಎಂದು ಬೈಯುವುದು ಸುಲಭ. ಆದರೆ ವೈದ್ಯನಿಲ್ಲದ ಕಡೆ ಬರಹವನ್ನು ಕೇಳುವ ಅಭ್ಯಾಸ ಕನ್ನಡದಲ್ಲಿ ಸಾವಿರ ವರ್ಷದಷ್ಟು ಹಳೆಯದು.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ 'ಲೋಕೋಪಕಾರ' ಬರೆದ. ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ಔಷಧ, ವಿಷಚಿಕಿತ್ಸೆ ಎಲ್ಲವೂ ಅದರಲ್ಲಿವೆ. ಹೆಸರೇ ಹೇಳುವಂತೆ ಅದು ಲೋಕದ ಉಪಯೋಗಕ್ಕೆ ಬರೆದ ಪುಸ್ತಕ. ನೂರು ವರ್ಷದ ಮೇಲೆ ಅದೇ ಚಾಲುಕ್ಯ ಮನೆತನದ ಕೀರ್ತಿವರ್ಮ 'ಗೋವೈದ್ಯ' ಬರೆದ. ಇವನು ಆರನೆಯ ವಿಕ್ರಮಾದಿತ್ಯನ ತಮ್ಮ. ಕನ್ನಡದಲ್ಲಿ ನಮಗೆ ತಿಳಿದ ಮೊದಲ ಪಶುವೈದ್ಯ ಗ್ರಂಥ ಅದು. ಅದೇ ಕಾಲಕ್ಕೆ, 1129ರಲ್ಲಿ, ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ರಚಿಸಿದ. ಆನೆ, ಕುದುರೆಗಳ ಜೊತೆಗೆ ಅದರಲ್ಲಿ ಬೇಟೆನಾಯಿಗೂ ಜಾಗವಿದೆ. 1400ರ ಸುಮಾರಿಗೆ ಅಭಿನವಚಂದ್ರನ 'ಅಶ್ವವೈದ್ಯ' ಬಂತು.

ಕೀರ್ತಿವರ್ಮ ಬರೆಯುತ್ತಿದ್ದಾಗ ಸಿರಸಂಗಿಯ ನೆರೆಯ ಸವದತ್ತಿ ಸುಗಂಧವರ್ತಿ ಎನಿಸಿಕೊಂಡಿತ್ತು. ಅಲ್ಲಿನ ರಟ್ಟರು ಚಾಲುಕ್ಯರ ಮಾಂಡಲಿಕರು. ಎಂದರೆ ಗೋವೈದ್ಯ ಹುಟ್ಟಿದ್ದು ಈ ಎರೆಹೊಲಗಳ ದನಗಳೂ ಸೇರಿದ್ದ ನಾಡಿನಲ್ಲೇ. ಅರಸುಮನೆಯವನೊಬ್ಬ ದನದ ರೋಗದ ಬಗ್ಗೆ ಬರೆಯಲು ಕುಳಿತನೆಂದರೆ ಅಚ್ಚರಿಯಿಲ್ಲ. ಎತ್ತು ನಿಂತರೆ ಬಿತ್ತನೆ ನಿಲ್ಲುತ್ತದೆ, ಬಿತ್ತನೆ ನಿಂತರೆ ಕಂದಾಯವೂ ನಿಲ್ಲುತ್ತದೆ.

ಗೋವೈದ್ಯದಲ್ಲಿ ಔಷಧದ ಜೊತೆಗೆ ಮಂತ್ರಗಳೂ ಇವೆ. ಇಂದಿನ ಓದುಗರು ಮಂತ್ರವನ್ನು ಬಿಟ್ಟು ಔಷಧವನ್ನಷ್ಟೇ ಆರಿಸಿಕೊಳ್ಳಬಹುದು. ಅಂದಿನವರಿಗೆ ಅವೆರಡೂ ಒಂದೇ ಓಲೆಯಲ್ಲಿದ್ದವು, ಬೇರ್ಪಡಿಸುವ ಸಾಧನ ಅವರಲ್ಲಿರಲಿಲ್ಲ. ಮೊಬೈಲಿನ ಹತ್ತು ಉತ್ತರಗಳ ಮುಂದೆ ಕುಳಿತವರ ಸ್ಥಿತಿಯೂ ಬಹುಪಾಲು ಹಾಗೆಯೇ ಇದೆ.

ಆದರೂ ಒಂದು ವ್ಯತ್ಯಾಸವಿದೆ. ಓಲೆಯ ಮಾತು ದನದ ಹೊಟ್ಟೆ ಸೇರುವ ಮೊದಲು ಒಬ್ಬ ಮನುಷ್ಯನ ಕೈ ದಾಟಬೇಕಿತ್ತು. ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನೇ ನೋಡಿ. 'ಕಷಾಯ ಕುಡಿಸು' ಎಂದು ಬರೆಯಲು ಎರಡು ಪದ ಸಾಕು. ಆದರೆ ದನದ ಮೋರೆಯನ್ನು ತೀರ ಮೇಲೆತ್ತಿದರೆ, ನಾಲಗೆ ಹಿಡಿದು ಎಳೆದರೆ, ಗಡಿಬಿಡಿಯಲ್ಲಿ ಸುರಿದರೆ ಕಷಾಯ ಶ್ವಾಸನಾಳಕ್ಕೆ ಇಳಿಯುತ್ತದೆ. ಹೊಟ್ಟೆಯುಬ್ಬರಕ್ಕೆ ಮದ್ದು ಮಾಡಹೋಗಿ ದನ ಪುಪ್ಪುಸದ ಉರಿಯೂತದಿಂದ ಸಾಯುತ್ತದೆ. ಇದನ್ನು ಬಲ್ಲವನು ಊರಿನ ನಾಟಿವೈದ್ಯ. ಅವನು ತಪ್ಪುವುದೂ ಇತ್ತು, ಬೇಡದ ಬರೆ ಹಾಕುವುದೂ ಇತ್ತು. ಆದರೆ ಮರುದಿನ ಅದೇ ಓಣಿಯಲ್ಲಿ ನಡೆಯಬೇಕಾದವನು ಅವನು. ಸತ್ತ ದನದ ಒಡೆಯನಿಗೆ ಮುಖ ತೋರಿಸಲೇಬೇಕಿತ್ತು.

ಓಲೆಯೂ ನಾಟಿವೈದ್ಯನೂ ಒಟ್ಟಿಗೆ ಸೋತದ್ದು ದೊಡ್ಡರೋಗದ ಮುಂದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಹಟ್ಟಿಗೆ ಹಟ್ಟಿಯನ್ನೇ ಬರಿದು ಮಾಡಿತು. ಬ್ರಿಟಿಷ್ ಸರಕಾರ ನೇಮಿಸಿದ ಆಯೋಗ 1871ರಲ್ಲಿ ವರದಿ ಕೊಟ್ಟಿತು. 1886ರಲ್ಲಿ ಮುಂಬಯಿಯ ಪರೇಲಿನಲ್ಲಿ ಪಶುವೈದ್ಯ ಕಾಲೇಜು ತೆರೆಯಿತು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಸಿರಸಂಗಿಯ ಲಿಂಗರಾಜರು ಬದುಕಿದ್ದ ಕಾಲವದು. ಹಿಮಾಲಯದ ತಪ್ಪಲಿನ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಜೆ. ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ರೋಗಾಣುವನ್ನು ಆಡಿನಿಂದ ಆಡಿಗೆ ದಾಟಿಸಿ ದುರ್ಬಲಗೊಳಿಸಿ ಲಸಿಕೆ ಮಾಡಿದರು. ಸ್ವತಂತ್ರ ಭಾರತ 1954ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭಿಸಿತು. 2006ರಲ್ಲಿ ದೇಶವೂ 2011ರಲ್ಲಿ ಜಗತ್ತೂ ದೊಡ್ಡರೋಗದಿಂದ ಮುಕ್ತವಾದವು. ಸಿಡುಬಿನ ನಂತರ ಭೂಮಿಯಿಂದ ಅಳಿದ ಎರಡನೆಯ ರೋಗ ಇದೊಂದೇ. ಈ ಗೆಲುವು ಯಾವ ಮನೆಮದ್ದಿನಿಂದಲೂ ಬರಲಿಲ್ಲ. ಲಸಿಕೆಯ ಪೆಟ್ಟಿಗೆ ಹಿಡಿದು ಕೊಟ್ಟಿಗೆ ಕೊಟ್ಟಿಗೆ ಹೊಕ್ಕವರಿಂದ ಬಂತು.

ಹಾಗೆಂದು ಓಲೆಯ ಕಾಲ ಮುಗಿಯಲಿಲ್ಲ. 2022ರಲ್ಲಿ ಬೆಳಗಾವಿ, ಹಾವೇರಿ ಜಿಲ್ಲೆಗಳ ದನಗಳಿಗೆ ಚರ್ಮಗಂಟು ರೋಗ ಬಂದಾಗ ವೀಳ್ಯದೆಲೆ, ಕಾಳುಮೆಣಸು, ಉಪ್ಪು ಅರೆದು ತಿನ್ನಿಸುವ ಮದ್ದು ವಾಟ್ಸಾಪಿನಲ್ಲಿ ಹರಿದಾಡಿತು. ಅದು ಯಾರೋ ಹುಟ್ಟಿಸಿದ ಸುದ್ದಿಯಲ್ಲ, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯೇ ಪ್ರಚಾರ ಮಾಡಿದ್ದ ಪಾರಂಪರಿಕ ಮದ್ದು. ಮಾಡಿದವರಿಗೆ ಸಮಾಧಾನವೂ ಸಿಕ್ಕಿರಬಹುದು. ಆದರೆ ರೋಗ ಪಕ್ಕದ ಕೊಟ್ಟಿಗೆಗೆ ಹಬ್ಬದಂತೆ ತಡೆಯಲು ಲಸಿಕೆಯೇ ಬೇಕಾಯಿತು.

ದನದ ದವಾಖಾನೆ ಎಂಬ ಹೆಸರೇ ನಮ್ಮ ಕಡೆ ಪಶುವೈದ್ಯ ಯಾರಿಗಾಗಿ ಬಂದ ಎಂದು ಹೇಳುತ್ತದೆ. ನಾಯಿ, ಬೆಕ್ಕು ತಡವಾಗಿ ಸೇರಿದ ರೋಗಿಗಳು. ಅವುಗಳ ತಜ್ಞರು ಹೆಚ್ಚಾಗಿ ಶಹರಗಳಲ್ಲಿದ್ದಾರೆ. ದೂರ, ಖರ್ಚು, ರಾತ್ರಿ ಹೊತ್ತು ಎಲ್ಲ ಸೇರಿ ಮೊಬೈಲೇ ಹತ್ತಿರವಾಗುತ್ತದೆ. ಅಪಾಯ ಇರುವುದೂ ಇಲ್ಲೇ. ನಮಗೆ ಜ್ವರ ಇಳಿಸುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದು ಮಾತ್ರೆ ಅದನ್ನು ಕೊಲ್ಲಬಲ್ಲದು. ಗಂಡುಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ತಿಣುಕಿದರೆ ಮಲಬದ್ಧತೆ ಎಂದುಕೊಂಡು ಹರಳೆಣ್ಣೆ ಹುಡುಕುತ್ತೇವೆ. ಮೂತ್ರ ಕಟ್ಟಿದ್ದರೆ ಅದು ಎರಡು ಮೂರು ದಿನದಲ್ಲಿ ಸಾಯುತ್ತದೆ. ನಾಯಿಯ ದವಡೆ ಜೋತು ಜೊಲ್ಲು ಸುರಿದರೆ ಗಂಟಲಲ್ಲಿ ಎಲುಬು ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ಅದು ಹುಚ್ಚುನಾಯಿ ರೋಗದ ಲಕ್ಷಣವೂ ಹೌದು. ಆ ರೋಗ ಕಾಣಿಸಿಕೊಂಡ ಮೇಲೆ ಮನುಷ್ಯ ಉಳಿಯುವುದು ಇಲ್ಲವೆಂಬಷ್ಟು ವಿರಳ. ಈ ಮೂರರಲ್ಲೂ ನಾವು ಬರೆದು ಕೇಳುವ ಪ್ರಶ್ನೆಯೇ ತಪ್ಪಾಗಿರುತ್ತದೆ. ಪ್ರಶ್ನೆ ತಪ್ಪಾಗಿದೆ ಎಂದು ಹೇಳಲು ಪ್ರಾಣಿಯನ್ನು ಕಣ್ಣಾರೆ ನೋಡಿದವರು ಬೇಕು.

ಮೊಬೈಲನ್ನು ಬಿಸಾಡಬೇಕಿಲ್ಲ. ಅದರಿಂದಲೇ 1962ಕ್ಕೆ ಕರೆ ಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನ ಕೇಳಬಹುದು. ಯಾವಾಗಿನಿಂದ ಮೇವು ಬಿಟ್ಟಿದೆ, ಏನು ತಿಂದಿತ್ತು, ಮೂತ್ರ ಮಾಡಿದೆಯೇ ಎಂದು ವೈದ್ಯರಿಗೆ ತಿಳಿಸಬಹುದು. ಔಷಧದ ಹೆಸರು, ಪ್ರಮಾಣಗಳನ್ನು ಮಾತ್ರ ಅದರಿಂದ ಕೇಳಬಾರದು. ಕೀರ್ತಿವರ್ಮನ ಓಲೆ ಓದಿದವರಿಗೆ ಊರಾಚೆ ಬೇರೆ ದವಾಖಾನೆ ಇರಲಿಲ್ಲ. ನಮಗೆ ಇದೆ, ದೂರವಿದ್ದರೂ ಇದೆ. ಅದನ್ನು ಹತ್ತಿರ ತರಿಸಿಕೊಳ್ಳುವುದು ನಾವು ಊರಿನವರಾಗಿ ಕೇಳಬೇಕಾದ ಹಕ್ಕು. ಅಲ್ಲಿಯವರೆಗೆ ದೂರವಾದರೂ ನಡೆಯುವುದು, ಬಾಯಿಲ್ಲದ ಜೀವಕ್ಕೆ ನಾವು ತೀರಿಸಬೇಕಾದ ಋಣ.