ಗೋಲಗುಮ್ಮಟ ಯಾರನ್ನು ದೂಡುತ್ತದೆ?

ಭೂತನಾಳದ ಕೆರೆಯ ಒಡ್ಡನ್ನು ಒಮ್ಮೆ ಗಮನವಿಟ್ಟು ನೋಡಿ. ನೀರು ಒಡ್ಡನ್ನು ದೂಡುತ್ತಿದೆ; ಒಡ್ಡು ಅಷ್ಟೇ ಬಲದಿಂದ ನೀರನ್ನು ದೂಡುತ್ತಿದೆ. ಯಾವುದೂ ಕದಲದ ಕಾರಣ ಅಲ್ಲಿ ಏನೂ ನಡೆಯುತ್ತಿಲ್ಲವೆಂದು ನಮಗೆ ತೋರುತ್ತದೆ. ಚಲನೆ ಕಂಡರೆ ಮಾತ್ರ ಬಲವಿದೆ ಎಂದು ಭಾವಿಸುವ ಈ ಅಭ್ಯಾಸವನ್ನು ಬಿಡಿಸಲು ಪಕ್ಕದ ವಿಜಯಪುರಕ್ಕಿಂತ ಒಳ್ಳೆಯ ಪಾಠಶಾಲೆ ಇರಲಾರದು.

1686ರಲ್ಲಿ ಔರಂಗಜೇಬನ ಸೈನ್ಯಕ್ಕೆ ಬಿಜಾಪುರ ಶರಣಾಯಿತು. ಮರುವರ್ಷವೇ ಲಂಡನ್ನಿನಲ್ಲಿ ನ್ಯೂಟನ್ನನ ‘ಪ್ರಿನ್ಸಿಪಿಯಾ’ ಅಚ್ಚಾಗಿ ಹೊರಬಂದಿತು. ಬಲದ ಮೂರು ನಿಯಮಗಳು ಜಗತ್ತಿಗೆ ತಿಳಿಯುವ ಹೊತ್ತಿಗೆ, ಅವುಗಳನ್ನು ಕೈಯಳತೆಯಿಂದಲೇ ಅರಿತು ಕಟ್ಟಿದ್ದ ಆದಿಲಶಾಹಿಗಳ ರಾಜ್ಯ ಮುಗಿದುಹೋಗಿತ್ತು.

ಮೊದಲು ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡೋಣ. 1549ರಲ್ಲಿ ಎರಕ ಹೊಯ್ದ ಈ ತೋಪಿನ ತೂಕ ಸುಮಾರು 55 ಟನ್. (1854ರಲ್ಲಿ ಇದನ್ನು ಕೇವಲ 150 ರೂಪಾಯಿಗೆ ಹರಾಜು ಕೂಗಿ, ಆಮೇಲೆ ರದ್ದು ಮಾಡಿದರಂತೆ. ಸದ್ಯ, ಉಳಿಯಿತು!) ಗುಂಡು 250 ಕಿಲೋ ಎಂದು ಇಟ್ಟುಕೊಳ್ಳಿ. ಆಗ ತೋಪು ಗುಂಡಿಗಿಂತ 220 ಪಟ್ಟು ಭಾರ. ಗುಂಡು ಸೆಕೆಂಡಿಗೆ 220 ಮೀಟರು ವೇಗದಲ್ಲಿ ಮುಂದಕ್ಕೆ ಹಾರಿದರೆ, ತೋಪು ಸೆಕೆಂಡಿಗೆ ಒಂದು ಮೀಟರಿನಂತೆ ಹಿಂದಕ್ಕೆ ಸರಿಯಬೇಕು. ಬಲ ಎರಡಕ್ಕೂ ಒಂದೇ, ವೇಗ ಮಾತ್ರ ಬೇರೆ.

‘ಕ್ರಿಯೆಗೆ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ’ ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆದರೆ ಜಾಣ ಹುಡುಗಿಯೊಬ್ಬಳು ಎದ್ದು ನಿಂತು, ‘ಎರಡೂ ಸಮ ಅಂದ ಮ್ಯಾಲೆ ಒಂದನ್ನೊಂದು ಕಳೆದು ಸೊನ್ನೆ ಆಗಬೇಕಲ್ರೀ ಸರ್?’ ಎಂದು ಕೇಳಿದರೆ ಎಷ್ಟು ಮಂದಿ ಉತ್ತರಿಸಬಲ್ಲೆವು? ಉತ್ತರ ತೋಪಿನಲ್ಲಿಯೇ ಇದೆ. ಒಂದು ಬಲ ಗುಂಡಿನ ಮೇಲೆ, ಇನ್ನೊಂದು ತೋಪಿನ ಮೇಲೆ. ಬೇರೆ ಬೇರೆ ವಸ್ತುಗಳ ಮೇಲಿನ ಬಲಗಳು ಒಂದನ್ನೊಂದು ಕಳೆಯುವುದಿಲ್ಲ. ಒಂದು ವಸ್ತು ಅಲುಗದೆ ನಿಲ್ಲಬೇಕಾದರೆ ಅದೇ ವಸ್ತುವಿನ ಮೇಲೆ ಬೀಳುವ ಬಲಗಳೆಲ್ಲ ಸರಿದೂಗಬೇಕು.

ಗೋಲಗುಮ್ಮಟವನ್ನು ಕಟ್ಟಿದವರ ಮುಂದಿದ್ದ ಸಮಸ್ಯೆ ಇದೇ. ಮಹಮ್ಮದ್ ಆದಿಲಶಾಹನ ಈ ಗೋರಿಯ ಕೆಲಸ ನಿಂತದ್ದು 1656ರಲ್ಲಿ. ನ್ಯೂಟನ್ ಆಗಿನ್ನೂ ಶಾಲಾಬಾಲಕ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಒಳಗೆ ಒಂದೇ ಒಂದು ಕಂಬವಿಲ್ಲ. ಗುಮ್ಮಟದ ಭಾರ ಕೆಳಕ್ಕೆ ಮಾತ್ರ ಇಳಿಯುವುದಿಲ್ಲ. ಕಾಲು ಅಗಲಿಸಿ ನಿಂತವನ ಪಾದಗಳು ನುಣುಪು ನೆಲದ ಮೇಲೆ ಹೊರಕ್ಕೆ ಜಾರುವಂತೆ, ಗುಮ್ಮಟದ ಬುಡವೂ ಹೊರಕ್ಕೆ ಚಾಚಲು ನೋಡುತ್ತದೆ. ಗುಮ್ಮಟ ಗೋಡೆಯನ್ನು ಹೊರಕ್ಕೆ ದೂಡಿದರೆ ಗೋಡೆ ಗುಮ್ಮಟವನ್ನು ಒಳಕ್ಕೆ ದೂಡುತ್ತದೆ, ಸರಿ. ಆದರೆ ಆ ಗೋಡೆಯನ್ನು ಹಿಡಿದು ನಿಲ್ಲಿಸುವವರು ಯಾರು?

ಸುಮಾರು ಮೂರು ಮೀಟರು ದಪ್ಪದ ಗೋಡೆಯ ಭಾರವೇ ಒಂದಿಷ್ಟು ಹಿಡಿಯುತ್ತದೆ. ಉಳಿದದ್ದರಲ್ಲಿ ಜಾಣತನವಿದೆ. ಚೌಕಾಕಾರದ ಕೋಣೆಯ ಮೇಲ್ಭಾಗದಲ್ಲಿ ಎಂಟು ಕಮಾನುಗಳು ಒಂದನ್ನೊಂದು ಛೇದಿಸುತ್ತ, ಓರೆಯಾಗಿ ಕೂಡಿದ ಎರಡು ಚೌಕಗಳಂತೆ ಹೆಣೆದುಕೊಂಡು ಒಳಕ್ಕೆ ಬಾಗಿವೆ. ಹೀಗೆ ಒಳಕ್ಕೆ ಚಾಚಿದ ಇಟ್ಟಿಗೆ-ಗಾರೆಯ ಭಾರ ಗೋಡೆಯನ್ನು ಒಳಕ್ಕೆ ಎಳೆಯುತ್ತದೆ. ಗುಮ್ಮಟದ ಹೊರದೂಡಿಕೆಗೆ ಅದು ಎದುರುತೂಕ. 19ನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಇದನ್ನು ಮನಸಾರೆ ಹೊಗಳಿದ. ಗಾರೆ ಗಟ್ಟಿಯಾದ ಮೇಲೆ ಗುಮ್ಮಟ ಬೋಗುಣಿಯಂತೆ ಒಂದೇ ತುಂಡಾಗಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ ಎಂಬ ವಾದವೂ ಉಂಟು. ನನ್ನ ಮಟ್ಟಿಗೆ ಎರಡರಲ್ಲೂ ನಿಜವಿದೆ.

ರೋಮಿನ ಸೇಂಟ್ ಪೀಟರ್ ಚರ್ಚಿನ ಗುಮ್ಮಟ ಇದಕ್ಕಿಂತ ತುಸು ದೊಡ್ಡದು. ಅದರಲ್ಲಿ ಬಿರುಕು ಕಾಣಿಸಿಕೊಂಡಾಗ, 1740ರ ದಶಕದಲ್ಲಿ, ಗಣಿತಜ್ಞರನ್ನು ಕರೆಸಿ ಲೆಕ್ಕ ಹಾಕಿಸಿ ಸುತ್ತಲೂ ಕಬ್ಬಿಣದ ಪಟ್ಟಿ ಬಿಗಿಯಬೇಕಾಯಿತು. ಹೊರಕ್ಕೆ ದೂಡುವ ಬಲ ಅಲ್ಲಿಯೂ ಅದೇ. ತಡೆದ ಬಗೆ ಬೇರೆ.

ನೀವು ಗೋಲಗುಮ್ಮಟಕ್ಕೆ ಹೋದಾಗ ಪಿಸುಮಾತಿನ ಗ್ಯಾಲರಿಯಲ್ಲಿ ಕೂಗಿ ಪ್ರತಿಧ್ವನಿ ಎಣಿಸಿದ ಬಳಿಕ ಒಂದು ನಿಮಿಷ ಕಾಲ ಕೆಳಗೆ ನೋಡಿ. ಗುಮ್ಮಟದೊಳಗೆ ಸುತ್ತಲೂ ಚಾಚಿಕೊಂಡಿರುವ, ಸುಮಾರು 11 ಅಡಿ ಅಗಲದ ಆ ಜಗಲಿಯೇ ಒಳಕ್ಕೆ ಎಳೆಯುವ ಭಾರದ ನೆತ್ತಿ. ನೀವು ನಿಂತಷ್ಟು ಹೊತ್ತು ನಿಮ್ಮ ತೂಕವೂ ಅದಕ್ಕೆ ಸೇರಿರುತ್ತದೆ.