ಜುಹುವಿನ ಕೆಸರುಬಯಲು

ಮುಂಬಯಿ ನಗರದ ಉತ್ತರಕ್ಕೆ, ಅರಬ್ಬೀ ಸಮುದ್ರದ ದಂಡೆಯಲ್ಲಿ, ಜುಹು ಎಂಬ ಸ್ಥಳವಿದೆ. 1928ರಲ್ಲಿ ಅಲ್ಲಿನ ಕೆಸರುಬಯಲು ವಿಮಾನಗಳು ಇಳಿಯುವ ತಾಣವಾಯಿತು. ವಿಮಾನನಿಲ್ದಾಣವೆಂದೊಡನೆ ಕಣ್ಣಿಗೆ ಕಟ್ಟುವ ವೈಭವವನ್ನು ಶ್ರೋತೃಗಳು ಕ್ಷಣಕಾಲ ಮರೆಯಬೇಕು. ತಾತಾ ಸಂಸ್ಥೆಯ ಅಂಚೆ ವಿಮಾನಗಳಿಗೆ ಅಲ್ಲಿದ್ದ ಆಶ್ರಯವೆಂದರೆ ಗರಿ ಹೊದಿಸಿದ ಒಂದು ಕೊಟ್ಟಿಗೆ.

ಲಂಡನ್ನಿನ ಅಂಚೆಯು 1929ರಿಂದಲೇ ವಿಮಾನದಲ್ಲಿ ಕರಾಚಿಗೆ ಬರುತ್ತಿದ್ದಿತು. ದಕ್ಷಿಣದವರಿಗೆ ಅದರಿಂದಾದ ಲಾಭ ಅಲ್ಪ; ಕರಾಚಿಯಿಂದೀಚೆಗೆ ಅದು ರೈಲನ್ನೇ ನಂಬಬೇಕಾಗಿತ್ತು. ಈ ಕೊರತೆಯನ್ನು ನೀಗುವ ಯೋಜನೆಯನ್ನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕರು ಮುಂದಿಟ್ಟರು; ಜೆ. ಆರ್. ಡಿ. ತಾತಾ ಅವರು ಅದನ್ನು ಕೈಗೆತ್ತಿಕೊಂಡರು. ಸರ್ಕಾರದ ಸಹಾಯಧನ ದೊರೆಯಲಿಲ್ಲ.

1932ನೆಯ ಅಕ್ಟೋಬರ್ 15ರ ಮುಂಜಾನೆ ತಾತಾ ಅವರು ಒಂಟಿ ಎಂಜಿನ್ನಿನ ಪಸ್ ಮಾತ್ ವಿಮಾನದಲ್ಲಿ, ಸುಮಾರು 55 ಪೌಂಡು ಅಂಚೆಯೊಡನೆ, ಕರಾಚಿಯಿಂದ ಒಬ್ಬರೇ ಹೊರಟರು. ಅಹಮದಾಬಾದಿನಲ್ಲಿ ಅವರಿಗೆ ಪೆಟ್ರೋಲು ಬಂದುದು ಎತ್ತಿನ ಗಾಡಿಯಲ್ಲಿ! ವಿಮಾನದಲ್ಲಿ ರೇಡಿಯೋ ಇರಲಿಲ್ಲ; ನನ್ನ ಈ ಮಾತು ನಿಮ್ಮನ್ನು ಮುಟ್ಟುವಷ್ಟು ಸುಲಭವಾಗಿ ಮುಂದಿನ ಬಿರುಗಾಳಿಯ ಸುದ್ದಿ ಅವರನ್ನು ಮುಟ್ಟುವಂತಿರಲಿಲ್ಲ. ಅದೇ ಮಧ್ಯಾಹ್ನ ಅವರು ಜುಹುವಿನಲ್ಲಿ ಇಳಿದರು. ಅಲ್ಲಿಂದ ಮುಂದಕ್ಕೆ ವಿನ್ಸೆಂಟರು ಅಂಚೆಯನ್ನು ಒಯ್ದು, ರಾತ್ರಿ ಬಳ್ಳಾರಿಯಲ್ಲಿ ತಂಗಿ, ಮರುದಿನ ಮದರಾಸು ಸೇರಿದರು. ಈ ಕಥೆಯನ್ನು ಹೇಳುವವರು ಕರಾಚಿ ಮುಂಬಯಿಗಳನ್ನು ನೆನೆದು, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯನ್ನು ಮರೆಯುವುದುಂಟು. ನನಗದು ನ್ಯಾಯವೆನಿಸದು.

ಆದರೆ ಜುಹುವಿಗೆ ದೊಡ್ಡ ಕಂಟಕವಾಗಿದ್ದುದು ಮುಂಗಾರು. ಸಮತಟ್ಟಾದ ಕಡಲಂಚಿನ ನೆಲವು ವಿಮಾನ ಇಳಿಸುವವನಿಗೆ ಅನುಕೂಲವೇ ಸರಿ. ಆ ತಗ್ಗೇ ಮಳೆಗಾಲದಲ್ಲಿ ಅದಕ್ಕೆ ಮುಳುವಾಗುತ್ತಿದ್ದಿತು. ಬೇಸಗೆಯಲ್ಲಿ ಗಟ್ಟಿಯಾಗಿದ್ದ ಬಯಲು ಜೂನ್ ಕಳೆಯುವಷ್ಟರಲ್ಲಿ ಕೆರೆಯಂತಾಗುವುದು. ಹಗುರವಾದ ವಿಮಾನದ ಗಾಲಿಗೂ ಆ ಕೆಸರಿನಲ್ಲಿ ನೆಲೆಯಿಲ್ಲ. ಆದುದರಿಂದ ಮಳೆಗಾಲ ಬಂದಿತೆಂದರೆ ಬಿಡಾರವೆಲ್ಲ ಘಟ್ಟವೇರಿ ಪುಣೆಗೆ ಹೋಗಬೇಕು. ಮಳೆ ನಿಂತ ಮೇಲೆ ಮತ್ತೆ ಇಳಿದು ಬರಬೇಕು. ಆಕಾಶವನ್ನು ಗೆಲ್ಲಹೊರಟವರು ನಮ್ಮ ರೈತರಂತೆ ಮೋಡವನ್ನು ನೋಡಿಯೇ ವರ್ಷವನ್ನು ಎಣಿಸಬೇಕಾಯಿತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಮೀಪದ ಸಾಂತಾಕ್ರೂಜಿನಲ್ಲಿ ವಿಶಾಲವಾದ ನಿಲ್ದಾಣ ಬೆಳೆಯಿತು. ದೊಡ್ಡ ವಿಮಾನಗಳು ಕ್ರಮೇಣ ಅತ್ತ ಸರಿದವು. ಜುಹು ಸಣ್ಣ ವಿಮಾನಗಳಿಗೂ ಹೆಲಿಕಾಪ್ಟರುಗಳಿಗೂ ಉಳಿಯಿತು. 1982ನೆಯ ಅಕ್ಟೋಬರ್ 15ರಂದು, ತಮ್ಮ 78ನೆಯ ವಯಸ್ಸಿನಲ್ಲಿ, ತಾತಾ ಅವರು ಪುಟ್ಟದೊಂದು ಲೆಪರ್ಡ್ ಮಾತ್ ವಿಮಾನವನ್ನು ಕರಾಚಿಯಿಂದ ಒಬ್ಬರೇ ನಡೆಸಿಕೊಂಡು ಬಂದು ಇಳಿದುದು ಆ ಹಳೆಯ ಬಯಲಿನಲ್ಲಿಯೇ.